ಮೊದಲ ಮೂರು ತಿಂಗಳನ್ನು ಯಾಕೆ ಬಿಟ್ಟಿರಿ?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಮಹಿಳಾ ಪುರವಣಿಯಲ್ಲಿ ಬಂದ ಗರ್ಭಿಣಿಯರ ಆರೈಕೆಯ ಲೇಖನ ಓದಿದೆ. ಐದನೇ ತಿಂಗಳಿಗೆ ಏನು ತಿನ್ನಬೇಕು, ಏಳರಲ್ಲಿ ಯಾವ ಮಗ್ಗುಲಿಗೆ ಮಲಗಬೇಕು, ಸೀಮಂತದ ದಿನ ಹುಡುಗಿಯನ್ನು ಹೊತ್ತುಗಟ್ಟಲೆ ಕೂರಿಸಬಾರದು, ಎಲ್ಲ ಇತ್ತು. ಬರೆದವರಿಗೆ ವಿಷಯ ಗೊತ್ತಿದೆ. ಆದರೆ ಮೊದಲ ಮೂರು ತಿಂಗಳಿಗೆ ಸಿಕ್ಕಿದ್ದು ಒಂದೇ ಸಾಲು: ಈ ಅವಧಿಯಲ್ಲಿ ಎಚ್ಚರದಿಂದಿರಬೇಕು. ಯಾವುದರ ಬಗ್ಗೆ ಎಚ್ಚರ ಎಂದು ಓದುವ ಹುಡುಗಿ ಯಾರನ್ನು ಕೇಳಬೇಕು? ಆ ಹೊತ್ತಿಗೆ ಅವಳು ಬಸುರಿ ಎನ್ನುವುದು ಮನೆಯಲ್ಲೇ ಅರ್ಧ ಜನಕ್ಕೆ ಗೊತ್ತಿರುವುದಿಲ್ಲ.

ನಾನು ಚಿತ್ರದುರ್ಗ ಜಿಲ್ಲೆಯಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿದ್ದು ನಿವೃತ್ತಳಾದವಳು. ಈಗ ಅದೇ ಹುದ್ದೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದು ಉದ್ದದ ಹೆಸರು ಬಂದಿದೆ. ಊರಿನವರಿಗೆ ಆಗಲೂ ಈಗಲೂ ನರ್ಸಮ್ಮ. ಸರ್ವಿಸಿನ ಬಹುಪಾಲು ಚಳ್ಳಕೆರೆ ಕಡೆಯ ಉಪಕೇಂದ್ರಗಳಲ್ಲಿ ಕಳೆಯಿತು, ಕಡೆಗಾಲದಲ್ಲಿ ಹೊಳಲ್ಕೆರೆ ಕಡೆ. ಈಗ ದುರ್ಗದಲ್ಲಿ ಮಗನ ಮನೆಯಲ್ಲಿದ್ದೇನೆ. ಬೀದಿಯ ಹೆಣ್ಣುಮಕ್ಕಳು ಇವತ್ತಿಗೂ ಸಂಜೆ ಹೊತ್ತು ಬಂದು ಜಗಲಿ ಮೇಲೆ ಕೂತು, ಅದೂ ಇದೂ ಮಾತಾಡಿ, ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ನಿಜವಾದ ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಮೂರು ತಿಂಗಳವೇ.

ಮೊದಲು ವಾರದ ಲೆಕ್ಕ. ಇದನ್ನು ಯಾರೂ ಬಿಡಿಸಿ ಹೇಳದೆ ಸಂಸಾರಗಳು ಹಾಳಾಗಿರುವುದನ್ನು ಕಂಡಿದ್ದೇನೆ. ಒಂದು ಹಳ್ಳಿಯಲ್ಲಿ ಹೊಸದಾಗಿ ಮದುವೆಯಾದ ಹುಡುಗಿಗೆ ಸ್ಕ್ಯಾನಿಂಗ್ ಮಾಡಿಸಿದರು. ಚೀಟಿಯಲ್ಲಿ 7 ವಾರ ಎಂದು ಬಂತು. ಮದುವೆಯಾಗಿ ಐದೂವರೆ ವಾರ. ಅತ್ತೆ ಮಾತಾಡಲಿಲ್ಲ, ಬೆರಳು ಮಡಚಿದರು ಅಷ್ಟೇ. ರಾತ್ರಿ ಹೊತ್ತಿಗೆ ಗಂಡನ ಮುಖ ಕಪ್ಪಿಟ್ಟಿತ್ತು. ಮಾರನೇ ದಿನ ಬೆಳಿಗ್ಗೆ ಹುಡುಗಿಯ ತವರಿಗೆ ಫೋನ್ ಹೋಯಿತು, ಆಮೇಲೆ ಆಶಾ ಕಾರ್ಯಕರ್ತೆ ನನಗೆ ಫೋನ್ ಮಾಡಿದಳು. ನಾನು ಹೋಗಿ ಗೋಡೆಯ ಕ್ಯಾಲೆಂಡರ್ ಇಳಿಸಿ, ಎಲ್ಲರನ್ನೂ ಕೂರಿಸಿಕೊಂಡು ಲೆಕ್ಕ ತೋರಿಸಬೇಕಾಯಿತು.

ಲೆಕ್ಕ ಇಷ್ಟೇ. ಡಾಕ್ಟರು ಗರ್ಭದ ವಾರಗಳನ್ನು ಎಣಿಸುವುದು ಗಂಡ ಹೆಂಡತಿ ಕೂಡಿದ ದಿನದಿಂದ ಅಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಗರ್ಭ ನಿಂತ ದಿನ ಯಾರಿಗೂ ಖಚಿತವಾಗಿ ಗೊತ್ತಾಗುವುದಿಲ್ಲ, ಮುಟ್ಟಾದ ದಿನವಾದರೆ ನೆನಪಿರುತ್ತದೆ, ಅದಕ್ಕೆ. 28 ದಿನಕ್ಕೆ ಸರಿಯಾಗಿ ಮುಟ್ಟಾಗುವವಳಿಗೆ ಅಂಡ ಬಿಡುಗಡೆಯಾಗುವುದು ಹೆಚ್ಚುಕಡಿಮೆ 14ನೇ ದಿನ. ಹಾಗಾಗಿ ಚೀಟಿಯಲ್ಲಿ ಬರೆಯುವ ಮೊದಲ ಎರಡು ವಾರ ಹೊಟ್ಟೆಯಲ್ಲಿ ಏನೂ ಇರುವುದಿಲ್ಲ. 7 ವಾರದ ಗರ್ಭ ಅಂದರೆ ನಿಂತು ಐದು ವಾರ. ಆ ಹುಡುಗಿಯ ಲೆಕ್ಕ ನೆಟ್ಟಗೇ ಇತ್ತು. ಒಂಬತ್ತು ತಿಂಗಳ ಮೇಲೆ ಏಳು ದಿನ ಎಂದು ನಾವು ಹೆರಿಗೆಯ ದಿನ ಹಾಕಿಕೊಡುವುದೂ ಇದೇ ಮುಟ್ಟಿನ ದಿನದಿಂದ, ಒಟ್ಟು 280 ದಿನ. ಸ್ಕ್ಯಾನಿಂಗ್ ಮಾಡುವವರು ಇದನ್ನು ಒಂದು ಮಾತಲ್ಲಿ ಹೇಳಿ ಕಳಿಸಿದ್ದರೆ ಅವಳು ಆ ರಾತ್ರಿ ಅಳಬೇಕಾಗಿರಲಿಲ್ಲ.

ಅದಕ್ಕೇ ತಾರೀಖು ಬರೆದಿಡಿ ಎಂದು ಕೈಮುಗಿದು ಹೇಳುತ್ತಿದ್ದೆ. ನಮ್ಮ ಕಡೆ ತಾರೀಖು ಕೇಳಿದರೆ ‘ತಿಪ್ಪೇಸ್ವಾಮಿ ತೇರಿನ ಹಿಂದಿನ ದಿನ ನರ್ಸಮ್ಮಾ’ ಎನ್ನುತ್ತಾರೆ. ಅದು ನನಗೆ ತೊಂದರೆಯಿಲ್ಲ, ನಾಯಕನಹಟ್ಟಿ ತೇರಿನ ದಿನ ಪಂಚಾಂಗದಲ್ಲಿ ಸಿಗುತ್ತದೆ. ತೊಂದರೆ ಬರುವುದು ಹೊರಗಾದ ದಿನ ಕೇಳಿದರೆ ತಲೆಗೆ ನೀರು ಹಾಕಿಕೊಂಡ ದಿನ ಹೇಳುವುದರಿಂದ. ನಾಲ್ಕೈದು ದಿನ ಅಲ್ಲೇ ಹಿಂದೆ ಮುಂದೆ ಆಗುತ್ತದೆ. ಈಗಿನ ಹುಡುಗಿಯರ ಕೈಯಲ್ಲಿ ಮೊಬೈಲ್ ಇದೆ, ಅದರಲ್ಲೇ ಗುರುತು ಹಾಕಿಕೊಳ್ಳಲಿ. ಪಿಸಿಒಡಿ ಎಂಬ ಅಂಡಾಶಯದ ತೊಂದರೆ ಇರುವವರಿಗೆ, ಮುಟ್ಟು ಎರಡು ಮೂರು ತಿಂಗಳು ಏರುಪೇರಾಗುವವರಿಗೆ ಈ ಲೆಕ್ಕ ಕೂಡುವುದಿಲ್ಲ. ಅವರಿಗೆ ಮೊದಲ ಸ್ಕ್ಯಾನಿಂಗ್ ಹೇಳಿದ್ದೇ ಲೆಕ್ಕ.

ಮುಟ್ಟು ನಿಂತರೆ ಮಾಡಬೇಕಾದ ಮೊದಲ ಕೆಲಸ ಮೂತ್ರದ ಪರೀಕ್ಷೆ. ಗರ್ಭ ಗರ್ಭಕೋಶಕ್ಕೆ ಅಂಟಿಕೊಂಡ ಮೇಲಷ್ಟೇ ಎಚ್‌ಸಿಜಿ ಎಂಬ ಹಾರ್ಮೋನು ಹುಟ್ಟುತ್ತದೆ, ಕಿಟ್ಟು ಹಿಡಿಯುವುದು ಅದನ್ನೇ. ಮುಟ್ಟು ಬರಬೇಕಾದ ದಿನಕ್ಕೆ ಮುಂಚೆ ಪರೀಕ್ಷೆ ಮಾಡಿ ಇಲ್ಲ ಎಂದು ಬಂದರೆ ಅದನ್ನು ನಂಬಬೇಡಿ. ಬೆಳಿಗ್ಗೆ ಎದ್ದ ತಕ್ಷಣದ ಮೂತ್ರ ಒಳ್ಳೆಯದು, ಹಾರ್ಮೋನು ಅದರಲ್ಲಿ ಗಟ್ಟಿಯಾಗಿರುತ್ತದೆ. ಎರಡನೇ ಗೆರೆ ಮಸುಕಾಗಿದ್ದರೂ ಬಹುಮಟ್ಟಿಗೆ ಹೌದು ಎಂದೇ ಅರ್ಥ. ಅನುಮಾನವಿದ್ದರೆ ಎರಡು ಮೂರು ದಿನ ಬಿಟ್ಟು ಮತ್ತೊಮ್ಮೆ ನೋಡಿ, ಅಷ್ಟರಲ್ಲಿ ಹಾರ್ಮೋನು ಏರಿ ಗೆರೆ ದಪ್ಪವಾಗಿರುತ್ತದೆ. ಈ ಕಿಟ್ಟಿಗೆ ಮೆಡಿಕಲ್ ಸ್ಟೋರಿಗೆ ಹೋಗಿ, ಅಲ್ಲಿ ಊರಿನ ಹುಡುಗನೇ ಕೂತಿರುವುದನ್ನು ನೋಡಿ, ತಲೆನೋವಿನ ಮಾತ್ರೆ ತೆಗೆದುಕೊಂಡು ವಾಪಸ್ ಬರಬೇಕಾಗಿಲ್ಲ. ಆಶಾ ಕಾರ್ಯಕರ್ತೆಯರಿಗೆ ಸರ್ಕಾರ ‘ನಿಶ್ಚಯ್’ ಎಂಬ ಕಿಟ್ಟು ಕೊಡುತ್ತದೆ, ಪುಕ್ಕಟೆ.

ಇಲ್ಲಿ ಒಂದು ಮಾತು. ನಾನು ಕೆಲಸ ಮಾಡಿದ ಕಡೆ ಗೊಲ್ಲರಹಟ್ಟಿಗಳಿದ್ದವು. ಮುಟ್ಟಾದವರನ್ನು ಹಟ್ಟಿಯ ಹೊರಗಿಡುವ ಪದ್ಧತಿ ಅಲ್ಲಿತ್ತು, ಎಷ್ಟೋ ಕಡೆ ಇನ್ನೂ ಪೂರ್ತಿ ಹೋಗಿಲ್ಲ. ಆ ಪದ್ಧತಿಯನ್ನು ನಾನು ಒಪ್ಪುವವಳಲ್ಲ, ಮಳೆಯಲ್ಲಿ ಗುಡಿಸಲಲ್ಲಿ ನಡುಗುವವರನ್ನು ನೋಡಿ ಹಿರಿಯರ ಹತ್ತಿರ ಜಗಳ ಆಡಿದ್ದೇನೆ. ಆದರೆ ವಿಚಿತ್ರ ನೋಡಿ, ಅಲ್ಲಿ ಒಬ್ಬಳು ತಿಂಗಳು ಕಳೆದರೂ ಹೊರಗೆ ಕೂರಲಿಲ್ಲ ಅಂದರೆ ನನಗೆ ಸುದ್ದಿ ತಾನಾಗಿ ಬರುತ್ತಿತ್ತು. ದುರ್ಗದ ಬಡಾವಣೆಗಳಲ್ಲಿ, ದಾವಣಗೆರೆಯ ಬಾಡಿಗೆ ಮನೆಗಳಲ್ಲಿ ಓದಿದ ಸೊಸೆಯ ಮುಟ್ಟು ನಿಂತು ಎರಡು ತಿಂಗಳಾದರೂ ಯಾರಿಗೂ ಗೊತ್ತಿರುವುದಿಲ್ಲ. ಅವಳಾಗೇ ಹೇಳಬೇಕು. ಹೇಳಬಾರದು ಎಂದು ಅವಳಿಗೆ ಹೇಳಿಕೊಟ್ಟಿರುತ್ತಾರೆ.

‘ಮೂರು ತಿಂಗಳು ತುಂಬಲಿ, ಕಣ್ಣು ಬೀಳುತ್ತೆ.’ ಈ ಮಾತಿನ ಹಿಂದಿರುವ ಸಂಕಟ ನನಗೆ ಅರ್ಥವಾಗುತ್ತದೆ. ಮೊದಲ ತಿಂಗಳುಗಳಲ್ಲಿ ಗರ್ಭ ನಿಲ್ಲದೆ ಹೋಗುವುದು ಅಪರೂಪವಲ್ಲ. ಊರಿಗೆಲ್ಲ ಹೇಳಿ, ಆಮೇಲೆ ಊರಿಗೆಲ್ಲ ಇಲ್ಲ ಎನ್ನುವುದು ಯಾರಿಗೆ ಬೇಕು. ಊರಿಗೆ ಹೇಳಬೇಡಿ, ಸರಿ. ಬೀಗರಿಗೂ ಹೇಳಬೇಡಿ. ಆಶಾಗೆ ಹೇಳಿ, ಡಾಕ್ಟರಿಗೆ ಹೇಳಿ. ಯಾಕೆಂದರೆ ಮಗುವಿನ ಮೆದುಳು ಮತ್ತು ಬೆನ್ನುಹುರಿ ಆಗುವ ಕೊಳವೆ ಮುಚ್ಚಿಕೊಳ್ಳುವುದು ಡಾಕ್ಟರ ಲೆಕ್ಕದ ಆರನೇ ವಾರದ ಹೊತ್ತಿಗೆ, ಅಂದರೆ ಗರ್ಭ ನಿಂತು ಸುಮಾರು 28 ದಿನಕ್ಕೆ. ಮುಟ್ಟು ತಪ್ಪಿ ಎರಡು ವಾರ ಆಗಿರುತ್ತದೆ, ಅಷ್ಟೇ. ಎಷ್ಟೋ ಹುಡುಗಿಯರು ಆಗಿನ್ನೂ ‘ಬಿಸಿಲಿಗೆ ಏರುಪೇರಾಗಿರಬೇಕು’ ಎಂದು ಸುಮ್ಮನಿರುತ್ತಾರೆ. ಆ ಕೊಳವೆ ಸರಿಯಾಗಿ ಮುಚ್ಚಲು ಫೋಲಿಕ್ ಆಸಿಡ್ ಬೇಕು. ದಿನಕ್ಕೊಂದು 400 ಮೈಕ್ರೊಗ್ರಾಂ ಮಾತ್ರೆ. ಮಗು ಬೇಕು ಎಂದು ತೀರ್ಮಾನಿಸಿದ ದಿನದಿಂದ, ಕಡಿಮೆಯೆಂದರೆ ಒಂದು ತಿಂಗಳು ಮುಂಚಿನಿಂದ ತೆಗೆದುಕೊಂಡು, ಮೂರು ತಿಂಗಳು ತುಂಬುವವರೆಗೆ ಮುಂದುವರಿಸಬೇಕು. ಮೂರು ತಿಂಗಳಾದ ಮೇಲೆ ಬಂದು ಕೇಳಿದರೆ ಮಾತ್ರೆ ಕೊಡುತ್ತೇವೆ, ಆದರೆ ಈ ಕೆಲಸಕ್ಕೆ ಅದು ಬರುವುದಿಲ್ಲ.

ಜನ ಇದನ್ನು ಕೆಂಪು ಮಾತ್ರೆಯ ಜೊತೆ ಬೆರೆಸುತ್ತಾರೆ. ಕೆಂಪು ಮಾತ್ರೆ ಕಬ್ಬಿಣದ್ದು, 60 ಮಿಲಿಗ್ರಾಂ ಕಬ್ಬಿಣದ ಜೊತೆ ಫೋಲಿಕ್ ಆಸಿಡ್ಡೂ ಇರುತ್ತದೆ. ಅದನ್ನು ಸಾಮಾನ್ಯವಾಗಿ ನಾಲ್ಕನೇ ತಿಂಗಳಿಂದ ಶುರು ಮಾಡಿ ದಿನಕ್ಕೊಂದರಂತೆ 180 ದಿನ ನುಂಗಿಸುತ್ತೇವೆ. ಮೊದಲೇ ವಾಕರಿಸುವವಳಿಗೆ ಕಬ್ಬಿಣ ಕೊಟ್ಟರೆ ಮಾತ್ರೆ ಹಿತ್ತಲು ಸೇರುತ್ತದೆ. ಇನ್ನೊಂದು: ಫಿಟ್ಸ್‌ಗೆ ಮಾತ್ರೆ ನುಂಗುವವರು, ಅದರಲ್ಲೂ ವಾಲ್‌ಪ್ರೋಯೇಟ್ ತೆಗೆದುಕೊಳ್ಳುವವರು, ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆ ಇರುವವರು, ಹಿಂದಿನ ಮಗುವಿಗೆ ಬೆನ್ನುಹುರಿಯ ತೊಂದರೆ ಇದ್ದವರು ಗರ್ಭಕ್ಕೆ ಮುಂಚೆಯೇ ಡಾಕ್ಟರನ್ನು ಕಾಣಬೇಕು. ಅವರಿಗೆ ಮಾತ್ರೆಯೂ ಪ್ರಮಾಣವೂ ಬೇರೆ. ತಾವಾಗೇ ಫಿಟ್ಸ್ ಮಾತ್ರೆ ನಿಲ್ಲಿಸುವುದು ಮಾತ್ರ ಬೇಡ.

ವಾಕರಿಕೆಯ ವಿಷಯಕ್ಕೆ ಬರುತ್ತೇನೆ. ಸಿನಿಮಾದಲ್ಲಿ ನಾಯಕಿ ಒಮ್ಮೆ ಸಿಂಕಿನ ಹತ್ತಿರ ಓಡಿ ಬಾಯಿ ಒರೆಸಿಕೊಂಡರೆ ಮುಗಿಯಿತು, ಮುಂದಿನ ಸೀನಿನಲ್ಲಿ ಸಿಹಿ ಹಂಚುತ್ತಾರೆ. ನಿಜದಲ್ಲಿ ಅದು ಆರನೇ ವಾರದ ಸುಮಾರಿಗೆ ಶುರುವಾಗಿ, ಒಂಬತ್ತರ ಹೊತ್ತಿಗೆ ಜೋರಾಗಿ, ಹನ್ನೆರಡು ಹದಿನಾರಕ್ಕೆ ಇಳಿಯುತ್ತದೆ. ಬೆಳಿಗ್ಗೆ ಮಾತ್ರ ಎನ್ನುವುದು ಸುಳ್ಳು, ಸಂಜೆಯೂ ಬರುತ್ತದೆ, ನಡುರಾತ್ರಿಯೂ ಬರುತ್ತದೆ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳ ಪಕ್ಕದ ಓಣಿಯಲ್ಲಿದ್ದ ಒಬ್ಬ ಹುಡುಗಿಗೆ ಶೇಂಗಾ ಎಣ್ಣೆಯ ವಾಸನೆ ಸಾಕಾಗಿತ್ತು. ಹುಟ್ಟಿನಿಂದ ಅದೇ ಗಾಳಿ ಕುಡಿದು ಬೆಳೆದವಳು, ಎರಡು ತಿಂಗಳು ಸೆರಗು ಮೂಗಿಗೆ ಕಟ್ಟಿಕೊಂಡೇ ಓಡಾಡಿದಳು. ಇನ್ನೊಬ್ಬಳಿಗೆ ಮುದ್ದೆ ತಿರುವುವ ಹಬೆ ಆಗುತ್ತಿರಲಿಲ್ಲ. ಮತ್ತೊಬ್ಬಳಿಗೆ ಗಂಡನ ತಲೆಗೆಣ್ಣೆ. ಇದೆಲ್ಲ ನಾಟಕ ಅಲ್ಲ, ಹಾರ್ಮೋನು. ‘ನಾವೂ ಹೆತ್ತಿದ್ದೀವಿ, ನಮಗೇನೂ ಆಗಿರಲಿಲ್ಲ’ ಎನ್ನುವ ಅತ್ತೆಯಂದಿರಿಗೆ ನಾನು ಹೇಳುತ್ತಿದ್ದದ್ದು, ‘ನಿಮಗಾಗಲಿಲ್ಲ, ಪುಣ್ಯ. ಅವಳಿಗಾಗಿದೆ, ಒಲೆ ಮುಂದೆ ನೀವು ನಿಂತ್ಕಳಿ.’

ನಮ್ಮ ಕಡೆ ಇದಕ್ಕೆ ಒಳ್ಳೆಯ ಮದ್ದು ಅಂದರೆ ಮಂಡಕ್ಕಿ. ಒಗ್ಗರಣೆ ಹಾಕಿದ್ದಲ್ಲ, ಮಿರ್ಚಿ ಜೊತೆಯದ್ದಲ್ಲ, ಬರೀ ಒಣ ಮಂಡಕ್ಕಿ. ತಲೆದಿಂಬಿನ ಹತ್ತಿರ ಡಬ್ಬಿಯಲ್ಲಿಟ್ಟುಕೊಂಡು, ಹಾಸಿಗೆಯಿಂದ ಏಳುವ ಮುಂಚೆ ಒಂದು ಹಿಡಿ ತಿಂದು, ಹದಿನೈದು ನಿಮಿಷ ಹಾಗೇ ಮಲಗಿದ್ದು ಆಮೇಲೆ ಎದ್ದರೆ ಖಾಲಿ ಹೊಟ್ಟೆಯ ಓಕರಿಕೆ ಎಷ್ಟೋ ತಗ್ಗುತ್ತದೆ. ದಿನಕ್ಕೆ ಮೂರು ಸಲ ಹೊಟ್ಟೆ ತುಂಬ ಉಣ್ಣುವ ಬದಲು ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ. ಊಟದ ಜೊತೆ ನೀರು ಕುಡಿಯದೆ ನಡುನಡುವೆ ಮಜ್ಜಿಗೆ, ನಿಂಬೆಹಣ್ಣಿನ ನೀರು. ಶುಂಠಿ ಒಗ್ಗಿದರೆ ಶುಂಠಿ. ಎರಡು ಜೀವಕ್ಕೆ ಉಣ್ಣು ಎಂಬ ಒತ್ತಾಯ ಈಗ ಬೇಡವೇ ಬೇಡ. ಮೊದಲ ಮೂರು ತಿಂಗಳು ತೂಕ ಏರದಿದ್ದರೂ, ಒಂದೆರಡು ಕೆ.ಜಿ. ಇಳಿದರೂ ಗಾಬರಿಯಾಗಬೇಕಿಲ್ಲ. ಇಷ್ಟಕ್ಕೂ ತಡೆಯಲಾಗದಿದ್ದರೆ ಡಾಕ್ಟರು ಬಿ6 ವಿಟಮಿನ್ ಜೊತೆ ಡಾಕ್ಸಿಲಮಿನ್ ಇರುವ ಮಾತ್ರೆ ಬರೆಯುತ್ತಾರೆ. ಅದನ್ನು ನುಂಗಿದರೆ ಮಗುವಿಗೆ ಏನಾದರೂ ಆದೀತು ಎಂದು ಹೆದರಿ ಒದ್ದಾಡುವುದು ಬೇಡ, ಗರ್ಭಿಣಿಯರಿಗೆಂದೇ ಬಹಳ ಕಾಲದಿಂದ ಕೊಡುತ್ತಿರುವ ಮಾತ್ರೆ ಅದು. ಆದರೆ ಕುಡಿದ ಗುಟುಕು ನೀರೂ ನಿಲ್ಲುತ್ತಿಲ್ಲ, ಮೂತ್ರ ಕಡಿಮೆಯಾಗಿ ಗಾಢ ಹಳದಿ ಬರುತ್ತಿದೆ, ಎದ್ದರೆ ಕಣ್ಣು ಕತ್ತಲೆ ಅಂದರೆ ಅದು ಮನೆಮದ್ದಿನ ಮಾತಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಬೇಕು. ಇನ್ನು, ವಾಂತಿಯೇ ಇಲ್ಲ, ಮಗು ಸರಿಯಿದೆಯೋ ಇಲ್ಲವೋ ಎಂದು ಕೊರಗುವವರೂ ಬರುತ್ತಾರೆ. ಇಲ್ಲದಿದ್ದರೆ ಇಲ್ಲ, ಖುಷಿಯಾಗಿರಿ.

ಎದೆ ಭಾರವಾಗಿ ಮುಟ್ಟಿದರೆ ನೋವು, ಹಗಲೂ ನಿದ್ದೆ, ಗಂಟೆಗೊಮ್ಮೆ ಮೂತ್ರ, ಮಲಬದ್ಧತೆ, ಕಾರಣವಿಲ್ಲದ ಅಳು. ಇವೆಲ್ಲ ಈ ವಾರಗಳದ್ದೇ. ನಿದ್ದೆಯ ಬಗ್ಗೆ ಮಾತ್ರ ಒಂದು ಮಾತು. ಹೊಟ್ಟೆ ಕಾಣುವುದಿಲ್ಲವಾದ್ದರಿಂದ ಮನೆಯವರಿಗೆ ಅವಳು ಸೋಮಾರಿಯಾಗಿ ಕಾಣುತ್ತಾಳೆ. ಏಳು ತಿಂಗಳ ಬಸುರಿಗೆ ಬಸ್ಸಿನಲ್ಲಿ ಎದ್ದು ಸೀಟು ಕೊಡುತ್ತಾರೆ, ಎರಡು ತಿಂಗಳವಳು ಕಂಬ ಹಿಡಿದು ನಿಂತೇ ಹೋಗುತ್ತಾಳೆ. ಸುಸ್ತು ಇಬ್ಬರಲ್ಲಿ ಯಾರಿಗೆ ಹೆಚ್ಚು ಎಂದು ಕೇಳಿದರೆ ನಾನು ಎರಡನೆಯವಳ ಕಡೆ.

ಬಯಕೆಯ ಸುದ್ದಿಯಲ್ಲಿ ಹುಣಸೆಹಣ್ಣು, ಮಾವಿನಕಾಯಿಗೆ ಯಾರೂ ಅಡ್ಡಿ ಮಾಡಬೇಕಿಲ್ಲ. ಬಳಪ, ವಿಭೂತಿ, ಕೆಮ್ಮಣ್ಣು ತಿನ್ನುತ್ತಿದ್ದಾಳೆ ಅಂದರೆ ಕದ್ದುಮುಚ್ಚಿ ತಿನ್ನುವವಳನ್ನು ಬೈಯುವ ಬದಲು ರಕ್ತ ಪರೀಕ್ಷೆ ಮಾಡಿಸಿ. ಬಹಳ ಸಲ ಅದರ ಹಿಂದೆ ರಕ್ತಹೀನತೆ ಇರುತ್ತದೆ. ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಬೇಕು, ಇದರಲ್ಲಿ ಚೌಕಾಸಿ ಇಲ್ಲ. ಹೊಲದ ಕೆಲಸ ಮಾಡುವವರು ಮಾಡಬಹುದು, ಈರುಳ್ಳಿ ಕಳೆ ತೆಗೆದ ಮಾತ್ರಕ್ಕೆ ಗರ್ಭ ಹೋಗುವುದಿಲ್ಲ. ಆದರೆ ಔಷಧಿ ಹೊಡೆಯುವ ದಿನ ಆ ಹೊಲದ ಕಡೆ ಕಾಲಿಡಬೇಡಿ, ಡ್ರಮ್ಮಿಗೆ ಔಷಧಿ ಕಲಸಿಕೊಡುವ ಕೆಲಸವಂತೂ ಬೇಡ. ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನು ಹೊತ್ತು ತರುವುದು ಈ ಮೂರು ತಿಂಗಳು ಗಂಡನ ಪಾಲಿಗಿರಲಿ. ಗರ್ಭ ಬೀಳುತ್ತದೆ ಅಂತಲ್ಲ, ಅವಳಿಗೆ ತಲೆ ತಿರುಗುತ್ತಿರುತ್ತದೆ, ಅದಕ್ಕೆ.

ಗರ್ಭ ಬೀಳುವ ಮಾತು ಬಂತು. ಸಂಪಾದಕರೇ, ಈ ಪತ್ರ ಬರೆಯಲು ಕೂತಿದ್ದೇ ಮುಖ್ಯವಾಗಿ ಇದಕ್ಕೆ. ಗೊತ್ತಾದ ಗರ್ಭಗಳಲ್ಲಿ ನೂರಕ್ಕೆ 10ರಿಂದ 20 ಉಳಿಯುವುದಿಲ್ಲ, ಹೋಗುವವುಗಳಲ್ಲಿ ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ ಹೋಗುತ್ತವೆ. ಅವುಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಮಗುವಿನ ಕ್ರೋಮೋಸೋಮುಗಳು ಕೂಡುವಾಗಲೇ ಆದ ಏರುಪೇರು. ಅದು ಗರ್ಭ ನಿಂತ ದಿನವೇ ತೀರ್ಮಾನವಾಗಿರುತ್ತದೆ. ಆಮೇಲೆ ಅವಳು ಕೊಡ ಎತ್ತಿದಳೋ, ಹೊಸದುರ್ಗದ ಬಸ್ಸು ಹಂಪಿನ ಮೇಲೆ ಎಗರಿತೋ, ಮೆಟ್ಟಿಲು ಹತ್ತಿದಳೋ, ಗಂಡನ ಜೊತೆ ಜಗಳವಾಡಿದಳೋ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಪರಂಗಿ ಹಣ್ಣಿನ ಮೇಲೆ ನಮ್ಮವರಿಗೆ ಎಲ್ಲಿಲ್ಲದ ಸಿಟ್ಟು. ಕಾಯಿಯಲ್ಲಿ, ಅರೆ ಹಣ್ಣಿನಲ್ಲಿ ಹಾಲು ಇರುತ್ತದೆ, ಅದನ್ನು ಬಿಟ್ಟರೆ ಒಳ್ಳೆಯದು. ಪೂರ್ತಿ ಕಳಿತ ಹಣ್ಣಿನ ಎರಡು ಹೋಳು ತಿಂದಳು ಎಂದು ವರ್ಷಗಟ್ಟಲೆ ಒಬ್ಬಳನ್ನು ಹಂಗಿಸುವುದು ಅನ್ಯಾಯ. ಎಳ್ಳಿನದೂ ಅದೇ ಕಥೆ. ಮೂರು ಎಳ್ಳುಂಡೆಗೆ ಬೀಳುವ ಹಾಗಿದ್ದರೆ ಈ ನಾಡಿನಲ್ಲಿ ಸಂಕ್ರಾಂತಿ ಆದ ಮೇಲೆ ಯಾರೂ ಹೆರುತ್ತಿರಲಿಲ್ಲ.

ಒಬ್ಬ ತಾಯಿಗೆ ಹೀಗಾದಾಗ ಅವಳ ಗಂಡ ನನ್ನನ್ನು ಪಕ್ಕಕ್ಕೆ ಕರೆದು, ‘ನರ್ಸಮ್ಮ, ಅವಳು ಗಾಡಿ ಮೇಲೆ ತವರಿಗೆ ಹೋಗಿದ್ಲು, ಅದಕ್ಕೇ ಅಲ್ವಾ?’ ಎಂದು ಕೇಳಿದ. ಅಲ್ಲ ಅಂದೆ. ‘ಹಂಗಾದ್ರೆ ಯಾತಕ್ಕೆ?’ ಅಂದ. ಕಾರಣ ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು, ‘ಇದನ್ನ ನಮ್ಮವ್ವನ ಎದ್ರುಗೂ ಒಂದ್ಸಲ ಹೇಳ್ಬಿಡ್ರಿ’ ಅಂದ. ಒಳಗೆ ಹೋಗಿ ಹೇಳಿದೆ. ಒಂದು ಸಲ ಹೋದರೆ ಮುಂದೆಯೂ ಹೋಗುತ್ತದೆ ಎಂದೇನೂ ಇಲ್ಲ, ಬಹುಪಾಲು ಹೆಂಗಸರಿಗೆ ಮುಂದಿನದು ನೆಟ್ಟಗೇ ನಿಲ್ಲುತ್ತದೆ. ಮತ್ತೆ ಮತ್ತೆ ಹೋದರೆ ಮಾತ್ರ ಇಬ್ಬರಿಗೂ ಪರೀಕ್ಷೆ ಬೇಕು. ಇಬ್ಬರಿಗೂ ಎಂದೆ, ಗಮನಿಸಿ.

ಕಲೆ ಕಂಡ ಕೂಡಲೇ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಮೊದಲ ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಒಂದಿಷ್ಟು ರಕ್ತ ಕಾಣುತ್ತದೆ, ಅವರಲ್ಲಿ ತುಂಬ ಜನ ದಿನ ತುಂಬಿ ಹೆರುತ್ತಾರೆ. ಆದರೂ ತೋರಿಸಬೇಕು, ಎಷ್ಟೇ ಸ್ವಲ್ಪವಿದ್ದರೂ. ರಕ್ತದ ಗುಂಪು ನೆಗೆಟಿವ್ ಇರುವವರು ಇನ್ನೂ ಬೇಗ ಹೋಗಬೇಕು, ಮುಂದಿನ ಮಗುವಿನ ಕಾಪಾಡುವಿಕೆಗೆ ಆ್ಯಂಟಿ-ಡಿ ಇಂಜೆಕ್ಷನ್ ಬೇಕಾಗಬಹುದು.

ಒಂದೇ ಒಂದು ಸಂಗತಿಯಲ್ಲಿ ಮಾತ್ರ ನಾನು ಹೆದರಿಸುತ್ತೇನೆ. ಗರ್ಭ ಕೆಲವೊಮ್ಮೆ ಗರ್ಭಕೋಶಕ್ಕೆ ಇಳಿಯದೆ ಪಕ್ಕದ ನಳಿಕೆಯಲ್ಲೇ ಕೂತುಬಿಡುತ್ತದೆ. ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ. ಆರೇಳೆಂಟು ವಾರದಲ್ಲಿ ಆ ನಳಿಕೆ ಒಡೆದರೆ ರಕ್ತ ಹೊರಗೆ ಬರುವುದು ಕಡಿಮೆ, ಹೊಟ್ಟೆಯೊಳಗೆ ತುಂಬುವುದೇ ಹೆಚ್ಚು. ಕೆಳಹೊಟ್ಟೆಯ ಒಂದು ಕಡೆ ತಿವಿಯುವ ನೋವು, ತಲೆ ಸುತ್ತಿ ಬೀಳುವುದು, ಮೈ ಬೆವೆತು ತಣ್ಣಗಾಗುವುದು, ಹೆಗಲ ತುದಿಯಲ್ಲಿ ನೋವು. ಹೆಗಲ ನೋವಿಗೂ ಹೊಟ್ಟೆಗೂ ಏನು ಸಂಬಂಧ ಎನ್ನಬೇಡಿ. ಒಳಗೆ ಸೋರಿದ ರಕ್ತ ಎದೆಗೂ ಹೊಟ್ಟೆಗೂ ನಡುವಿನ ಪರದೆಯನ್ನು, ಅಂದರೆ ವಪೆಯನ್ನು ಕೆಣಕಿದರೆ ನೋವು ಹೆಗಲಲ್ಲಿ ಕಾಣುತ್ತದೆ. ಹೀಗೆ ಬಂದ ಒಬ್ಬಳಿಗೆ ಊರಲ್ಲಿ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸಿ, ಆಮೇಲೆ ಯಾರೋ ಒಂದು ನೋವಿನ ಇಂಜೆಕ್ಷನ್ನೂ ಕೊಟ್ಟು ಮಲಗಿಸಿದ್ದರು. ಮುಟ್ಟು ಯಾವಾಗ ಆಗಿತ್ತು ಎಂದು ಒಬ್ಬರೂ ಕೇಳಿರಲಿಲ್ಲ, ಅವಳು ಮುಚ್ಚಿಟ್ಟಿದ್ದಳು. ದಾರಿಯಲ್ಲೇ ಪ್ರಜ್ಞೆ ತಪ್ಪಿ, ಆಪರೇಷನ್ ಆಗಿ, ರಕ್ತ ಹಾಕಿಸಿ ಉಳಿದಳು. ಇಂಥ ಲಕ್ಷಣ ಕಂಡರೆ ಬೆಳಗಾಗಲಿ, ಬಸ್ಸು ಬರಲಿ ಎಂದು ಕಾಯುವಂತಿಲ್ಲ, 108ಕ್ಕೆ ಫೋನ್ ಮಾಡಬೇಕು. ಹೆರುವ ವಯಸ್ಸಿನ ಯಾವ ಹೆಣ್ಣುಮಗಳು ಹೊಟ್ಟೆನೋವು ಎಂದು ಬಂದರೂ ಮುಟ್ಟಿನ ದಿನ ಕೇಳುವುದು ಮೊದಲ ಪ್ರಶ್ನೆಯಾಗಬೇಕು.

ಅದೇ ರೀತಿ, ಮುಟ್ಟು ನಿಂತಿದೆ ಎಂದು ಪರೀಕ್ಷೆಯೂ ಇಲ್ಲದೆ ಮೆಡಿಕಲ್ ಸ್ಟೋರಿನಿಂದ ‘ಮುಟ್ಟು ಬರೋ ಮಾತ್ರೆ’ ತಂದು ನುಂಗುವುದೂ ಅಪಾಯ. ಬೇಡದ ಗರ್ಭ ಇರುತ್ತದೆ, ಅದು ನನಗೆ ಹೊಸದಲ್ಲ, ಅದರಲ್ಲಿ ತಪ್ಪು ಹುಡುಕುವವಳೂ ನಾನಲ್ಲ. 1971ರ ಕಾಯ್ದೆ, 2021ರ ತಿದ್ದುಪಡಿ ಇದೆ. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯದ ಮೇಲೆ, ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರ ಅಭಿಪ್ರಾಯದ ಮೇಲೆ ಕಾನೂನುಬದ್ಧವಾಗಿ ತೆಗೆಸಬಹುದು. ಮಾತ್ರೆಯಿಂದ ಆಗುವುದು 9 ವಾರದೊಳಗೆ, ಅದೂ ಡಾಕ್ಟರು ನೋಡಿ ಕೊಟ್ಟರೆ. ನಳಿಕೆಯಲ್ಲಿ ಕೂತ ಗರ್ಭಕ್ಕೆ ಆ ಮಾತ್ರೆ ಕೆಲಸ ಮಾಡುವುದೇ ಇಲ್ಲ, ರಕ್ತ ಹೋಯಿತು, ಸರಿಹೋಯಿತು ಎಂದು ನಂಬಿ ಮನೆಯಲ್ಲಿ ಮಲಗಿರುತ್ತಾರೆ.

ಸ್ಕ್ಯಾನಿಂಗಿಗೆ ತೀರ ಬೇಗ ಓಡುವವರಿಗೂ ಒಂದು ಮಾತು. ಐದನೇ ವಾರದಲ್ಲಿ ಬರೀ ಚೀಲ ಕಾಣುತ್ತದೆ, ಮಗು ಕಾಣುವುದಿಲ್ಲ, ಎದೆಬಡಿತ ಕೇಳುವುದಿಲ್ಲ. ‘ಏನೂ ಇಲ್ಲವಂತೆ’ ಎಂದು ಅಳುತ್ತ ಬರುತ್ತಾರೆ. ಒಂದೆರಡು ವಾರ ತಡೆದು ಮತ್ತೆ ನೋಡಿದರೆ ಎಷ್ಟೋ ಜನಕ್ಕೆ ಬಡಿತ ಸಿಗುತ್ತದೆ. 11ರಿಂದ 14 ವಾರದೊಳಗಿನ ಸ್ಕ್ಯಾನಿಂಗನ್ನು ಮಾತ್ರ ತಪ್ಪಿಸಬೇಡಿ. ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯ್ದೆಯ ಪ್ರಕಾರ ಅಪರಾಧ, ಅದನ್ನು ಸನ್ನೆಯಲ್ಲಿ ಕೇಳಿದರೂ ಅಷ್ಟೇ.

ಇನ್ನು ನೋಂದಣಿ. 12 ವಾರದೊಳಗೆ ಹೆಸರು ಬರೆಸಿದರೆ ತಾಯಿ ಕಾರ್ಡ್ ಸಿಗುತ್ತದೆ, ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಎಚ್‌ಐವಿ, ಬಿ.ಪಿ. ಎಲ್ಲ ನೋಡುತ್ತಾರೆ. ಅಂಗನವಾಡಿಯಲ್ಲಿ ಮಾತೃಪೂರ್ಣದ ಮಧ್ಯಾಹ್ನದ ಊಟಕ್ಕೆ ಹೆಸರು ಸೇರುತ್ತದೆ. ಮಾತೃವಂದನಾ ಯೋಜನೆಯಲ್ಲಿ ಅರ್ಹರಾದವರಿಗೆ ಮೊದಲ ಹೆರಿಗೆಗೆ 5,000 ರೂಪಾಯಿ ಎರಡು ಕಂತಿನಲ್ಲಿ ಬರುತ್ತದೆ. ತಿಂಗಳ 9ನೇ ತಾರೀಖಿನ ತಜ್ಞರ ತಪಾಸಣೆ ನಾಲ್ಕನೇ ತಿಂಗಳಿನಿಂದ ಮುಂದಿನವರಿಗೆ, ಅದಕ್ಕೆ ಕಾದು ಕೂರಬೇಡಿ.

ಇದರಲ್ಲಿ ನಮ್ಮ ಕಡೆಯ ಒಂದು ತೊಡಕಿದೆ, ಬೆಂಗಳೂರಿನಲ್ಲಿ ಕೂತು ಯೋಜನೆ ಮಾಡುವವರಿಗೆ ಹೊಳೆಯುವುದಿಲ್ಲ. ನಮ್ಮಲ್ಲಿ ಮದುವೆಗಳು ಬೇಸಿಗೆಯಲ್ಲಿ. ಆಷಾಢಕ್ಕೆ ಹೊಸ ಸೊಸೆ ತವರಿಗೆ ಹೋಗುತ್ತಾಳೆ. ಮುಟ್ಟು ನಿಂತದ್ದು ಬಹಳ ಜನಕ್ಕೆ ಗೊತ್ತಾಗುವುದು ಅಲ್ಲೇ, ತಾಯಿಯ ಎದುರು. ತವರಿನ ಆಶಾ ‘ನೀನು ಗಂಡನ ಊರಿನವಳು, ಅಲ್ಲಿ ಬರೆಸು’ ಎನ್ನುತ್ತಾಳೆ. ಗಂಡನ ಊರಿನ ಆಶಾ ‘ಅವಳು ಊರಲ್ಲೇ ಇಲ್ಲ’ ಎನ್ನುತ್ತಾಳೆ. ಅತ್ತ ಶ್ರಾವಣ ಬಂದು, ಸೊಸೆ ತಿರುಗಿ ಬಂದು, ಹೆಸರು ಬರೆಸುವ ಹೊತ್ತಿಗೆ ಫೋಲಿಕ್ ಆಸಿಡ್ ಬೇಕಾಗಿದ್ದ ದಿನಗಳು ಕಳೆದುಹೋಗಿರುತ್ತವೆ. ಎಲ್ಲಿ ಗೊತ್ತಾಯಿತೋ ಅಲ್ಲೇ ಬರೆಸಿಕೊಳ್ಳಬೇಕು. ಒಮ್ಮೆ ನಂಬರು ಬಿದ್ದರೆ ಆ ಕಾರ್ಡ್ ಹಿಡಿದು ಯಾವ ಸರ್ಕಾರಿ ಆಸ್ಪತ್ರೆಗಾದರೂ ಹೋಗಬಹುದು. ಆಶಾ ಮೇಲೆ ಆಶಾ ಹಾಕಿ ಕಳಿಸುವುದನ್ನು ತಾಲ್ಲೂಕು ಮಟ್ಟದಲ್ಲೇ ನಿಲ್ಲಿಸಬೇಕು.

ನಿಮ್ಮ ಪತ್ರಿಕೆಯನ್ನು ಇಲಾಖೆಯವರೂ ನೋಡುತ್ತಾರೆ, ಆದ್ದರಿಂದ ಇಲ್ಲೇ ಕೇಳುತ್ತೇನೆ. ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳ ಉಪಕೇಂದ್ರಗಳಿಗೆ ಗರ್ಭ ಪರೀಕ್ಷೆಯ ಕಿಟ್ಟು ಮತ್ತು 400 ಮೈಕ್ರೊಗ್ರಾಮಿನ ಫೋಲಿಕ್ ಆಸಿಡ್ ಮಾತ್ರೆ ಆಷಾಢಕ್ಕೆ ಮುಂಚೆ ತಲುಪಲಿ. ಸ್ಟಾಕ್ ಮುಗಿದಿದೆ, ಮುಂದಿನ ತಿಂಗಳು ಬನ್ನಿ ಎಂಬ ಉತ್ತರ ಬೇರೆ ಯಾವ ಮಾತ್ರೆಗಾದರೂ ನಡೆದೀತು, ಈ ಮಾತ್ರೆಗೆ ನಡೆಯುವುದಿಲ್ಲ. ನಿಮ್ಮಲ್ಲೂ ಒಂದು ಕೋರಿಕೆ. ಆ ಲೇಖನ ಬರೆದವರಿಂದಲೇ ಮೊದಲ ಮೂರು ತಿಂಗಳ ಬಗ್ಗೆ ಇನ್ನೊಂದು ಬರೆಸಿ, ಆದರೆ ಮಹಿಳಾ ಪುರವಣಿಯಲ್ಲಿ ಹಾಕಬೇಡಿ. ಅದನ್ನು ಹೋಟೆಲಿನವರು ಮಿರ್ಚಿ ಕಟ್ಟಲು ಇಟ್ಟುಕೊಳ್ಳುತ್ತಾರೆ. ಕ್ರಿಕೆಟ್ ಸುದ್ದಿಯ ಪಕ್ಕ ಹಾಕಿ, ಗಂಡಸರು ಓದುತ್ತಾರೆ.

ಇಂತಿ,
ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ,
ಚಿತ್ರದುರ್ಗ